ಮುಷ್ಟಿಯಲ್ಲಿದ್ದ ಫ್ಯೂಸ್

ಅಪ್ಪ ಗೀಸರ್ ಬಿಚ್ಚಿದ ಆ ಮಧ್ಯಾಹ್ನ ಅವರಿಗೆ ಶಾಕ್ ಹೊಡೆಯಬಹುದಿತ್ತು, ಸ್ಟೂಲ್ ಮುರಿಯಬಹುದಿತ್ತು, ಕಾಗದನಗರದ ಕ್ವಾರ್ಟರ್ಸ್ ಸಾಲೇ ಹೊತ್ತಿಕೊಳ್ಳಬಹುದಿತ್ತು. ಈಗಲೂ ಶಿವಮೊಗ್ಗದ ನನ್ನ ಮನೆಯಲ್ಲಿ ಗೀಸರ್ ಬಿಚ್ಚಿದಾಗ ಒದ್ದೆ ಸುಣ್ಣದ ವಾಸನೆಗೆ ನನ್ನ ಅಂಗೈ ಬೆವರುತ್ತದೆ.

ಕಾಗದದ ಮಿಲ್ಲಿನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದ ಅಪ್ಪ ಮೇನ್ ಫ್ಯೂಸ್ ಕಿತ್ತು ನನ್ನ ಕೈಗಿಟ್ಟು, “ಯಾರು ಕೇಳಿದ್ರೂ ಕೊಡಬೇಡ” ಎಂದು ಹೇಳಿ, ಗೀಸರಿನೊಳಗೆ ನೀರು ಕಾಯಿಸುವ ಕಾಯಿಲ್‌ಗೆ ಅಂಟಿದ್ದ ಸುಣ್ಣ ಕೆರೆಯತೊಡಗಿದರು.

“ಎರಡು ನಿಮಿಷ ಕೊಡೋ ಮಾರಾಯ, ಮಿಕ್ಸೀಲಿ ದೋಸೆಗೆ ಚಟ್ನಿ ರುಬ್ಕೊಂಡ್ಬಿಡ್ತೀನಿ,” ಎಂದಳು ಅಮ್ಮ.

“ನಿಂಗೆ ಅಪ್ಪ ಬೇಕಾ, ಚಟ್ನಿ ಬೇಕಾ?” ಎಂದೆ.

“ಸದ್ಯಕ್ಕೆ ಚಟ್ನಿ!”

ಕೆಲಸ ಮುಗಿಸಿ ಕೆಳಗಿಳಿದ ಅಪ್ಪ ಕೈಚಾಚಿದರು.

“ಯಾರು ಕೇಳಿದ್ರೂ ಅಂದಿದ್ರಿ,” ಎಂದೆ.

ಅಪ್ಪ ನಕ್ಕರು. “ಸರಿ. ಮುಚ್ಚಳ ಬಿಗಿಯಾಗಿದೆಯಾ, ನಲ್ಲೀಲಿ ನೀರು ಬರ್ತಿದೆಯಾ, ನೋಡ್ಕೊಂಡು ಕೊಡು.”

ಎರಡೆರಡು ಸಲ ನೋಡಿ, ಮುಷ್ಟಿ ಬಿಚ್ಚಿದೆ. ಬೆವೆತ ಅಂಗೈಯಿಂದ ಜಾರಿದ ಪಿಂಗಾಣಿ ಫ್ಯೂಸ್ ನೆಲಕ್ಕೆ ಬಿದ್ದು ಎರಡು ಹೋಳಾಯಿತು.

ಅಮ್ಮ ದೋಸೆಗೆ ಸಕ್ಕರೆ ಬಡಿಸಿದಳು.