ಇರುಳು ಪಾಳಿಯ ಮನೆ

ಮನೆಗಳು ಸಾಕಾಗದ ಆ ನಗರದಲ್ಲಿ ಒಂದು ಮನೆಗೆ ಎರಡು ಸಂಸಾರ; ಹಗಲಿಗೊಂದು, ಇರುಳಿಗೊಂದು. ಸಂಜೆ ಹಗಲು ಪಾಳಿಯ ಕಮಲಾಕ್ಷಿ ಹೊರಡುವ ಹೊತ್ತಿಗೆ ಇರುಳು ಪಾಳಿಯ ಶಶಿರೇಖಾ ಮಗಳೊಂದಿಗೆ ಒಳಗೆ ಕಾಲಿಟ್ಟಳು.

"ಹೊಸ ಮನೆ ಕಟ್ಟಬೇಕಾ ಬೇಡ್ವಾ ಅಂತ ನಾಳೆ ಓಟು ಇದೆಯಲ್ಲ, ಕಟ್ಟಬಾರದು ಅನ್ನೋದಕ್ಕೇ ಒತ್ತು ಕಣೇ. ಎದುರಿಗೆ ಕಟ್ಟಡ ಎದ್ರೆ ಈ ಗೋಡೆಗೆ ಬಿಸಿಲೇ ಬೀಳಲ್ಲ," ಎಂದರು ಕಮಲಾಕ್ಷಿ.

ಶಶಿರೇಖಾ ಗೋಡೆ ಮುಟ್ಟಿದಳು. ಇನ್ನೂ ಬೆಚ್ಚಗಿತ್ತು.

"ಇದು ಬಿಸಿಲಾ? ನಿಮ್ಮ ಒಲೆ ಕಾವು ಅಂದ್ಕೊಂಡಿದ್ದೆ ಅಕ್ಕಾ."

"ಅಯ್ಯೋ ಪೆದ್ದಿ!" ಕಮಲಾಕ್ಷಿ ನಕ್ಕರು.

ಶಶಿರೇಖಾ ನಗಲಿಲ್ಲ. "ಮೊನ್ನೆ ಇವಳಿಗೆ ಮೈ ಸುಡೋ ಜ್ವರ. ಬೆಳಿಗ್ಗೆ ನಿಮ್ಮ ಪಾಳಿ ಬಂತು ಅಂತ ಎಬ್ಬಿಸ್ಕೊಂಡು ಹೋಗಿ ದಿನವಿಡೀ ಪಾರ್ಕಲ್ಲಿ ಮಲಗಿಸಿದ್ದೆ. ಬಿಸಿಲು ನಮಗೆ ಬೇಕಾದಷ್ಟಿದೆ. ನಾನು ಕಟ್ಟಲಿ ಅಂತಲೇ ಒತ್ತೋದು."

ಕಮಲಾಕ್ಷಿ ಬೀಗದ ಕೈಯನ್ನು ಎಂದಿನಂತೆ ಅವಳ ಕೈಗೆ ಕೊಡದೆ, ಹೊಸ್ತಿಲ ಮೇಲಿಟ್ಟು ಹೋದರು.