ಹೊರದೇಶದಿಂದ ಬಂದ ಆಣೆ

ಹೊರದೇಶದ ಓದು ಹೇಗಿರುತ್ತದೋ ಎಂಬ ಅಳುಕು ಕಾಲೇಜಿನ ಆ ನಾಲ್ವರು ಗೆಳತಿಯರಿಗೆ ಇನ್ನೂ ಹೋಗಿರಲಿಲ್ಲ. ಅದನ್ನು ಕಳೆಯಲೆಂದು ಏಜೆಂಟ್, ಹೋದ ವರ್ಷ ತಾನೇ ಅಲ್ಲಿಗೆ ಓದಲು ಕಳಿಸಿದ್ದ ಮಹಾಂತೇಶನಿಗೆ ವಿಡಿಯೊ ಕಾಲ್ ಹಚ್ಚಿ ಫೋನನ್ನು ಅವರಲ್ಲೊಬ್ಬಳಾದ ನೀಲಾಳ ಕೈಗಿತ್ತ. ಅವಳೂ ಅವನೂ ಒಂದೇ ಓಣಿಯಲ್ಲಿ ಆಡಿ ಬೆಳೆದವರು.

"ಕಾಲೇಜು ಖರೇನ ಚೊಲೋ ಐತೇನೋ?"

"ಭಾಳ ಚೊಲೋ ಐತಿ."

"ಮತ್ತ್ಯಾಕ ಹಿಂಗ ಸೊರಗೀದಿ?"

"ಅಲ್ಲಿ ಯಾವ್ದೋ ಹುಡುಗಿ ಗಂಟು ಬಿದ್ದಾಳ ತಗೋ!" ಎಂದು ಹಿಂದಿನಿಂದ ಗೆಳತಿಯೊಬ್ಬಳು ಕಿಚಾಯಿಸಿದಳು. ಅವನು ನಗಲಿಲ್ಲ.

"ಇಲ್ಲಿ ಚಳಿ ಭಾಳ. ಹಸಿವಿ ಆಗಂಗಿಲ್ಲ."

"ಆಣಿ ಮಾಡಿ ಹೇಳು. ನಾವು ನಾಲ್ಕೂ ಮಂದಿ ನಿನ್ನ ಮಾತು ನಂಬಿ ಬರಾಕತ್ತೇವಿ."

ಮಹಾಂತೇಶ ತನ್ನ ಫೋನಿನಾಚೆ ನಿಂತ ಯಾರನ್ನೋ ಒಮ್ಮೆ ನೋಡಿದ.

"ನನ್ನ ಬೆನ್ನಿಗೆ ಬಿದ್ದ ತಂಗಿ ಆಣಿ, ನೀಲಾ. ಎಲ್ಲಾ ಚೊಲೋ ಐತಿ. ಲಗೂನ ಬರ್ರಿ."

ಕರೆ ಕಡಿದುಹೋಯಿತು.

"ಕೇಳಿದ್ರಲ್ಲ, ತಂಗಿ ಮ್ಯಾಲೆ ಆಣಿ ಇಟ್ಟಾನ!" ಎಂದು ಏಜೆಂಟ್ ಕೈ ಚಾಚಿದ. ಗೆಳತಿಯರು ನಗುನಗುತ್ತ ತಮ್ಮ ಪಾಸ್‌ಪೋರ್ಟ್ ಕೊಟ್ಟರು.

"ನಿಂದೂ ಕೊಡವಾ."

ನೀಲಾ ಪಾಸ್‌ಪೋರ್ಟನ್ನು ಮತ್ತೆ ಚೀಲದ ತಳಕ್ಕೆ ಒತ್ತಿದಳು. ಮಹಾಂತೇಶನ ಅವ್ವ ಹಡೆದದ್ದು ಅವನೊಬ್ಬನನ್ನೇ.