ತೂತಿಲ್ಲದ ದಿನ

ಕತ್ತರಿಯ ತುದಿ ಅಣ್ಣನ ಉಣ್ಣೆ ಕೋಟಿನ ಮೊಣಕೈಯನ್ನು ಕಚ್ಚುವ ಹೊತ್ತಿಗೆ ಸರಿಯಾಗಿ ಅತ್ತಿಗೆ, ಹರಿದ ಬಟ್ಟೆಗೆ ರಫೂ ಹಾಕುವ ತನ್ನ ಅಂಗಡಿಗೆ ಕಾಲಿಟ್ಟಳು. ನಾದಿನಿ ಕೋಟನ್ನು ಬೆನ್ನ ಹಿಂದೆ ಅಡಗಿಸಿದಳು. ತೋಳೊಂದು ಆಚೆ ಇಣುಕಿತು.

"ಅದು ಯಾರ ಕೋಟು?"

"ಅಣ್ಣಂದು."

"ಹರಿದಿತ್ತಾ?"

"ಈಗ ಹರಿದಿದೆ," ಎಂದಳು ನಾದಿನಿ, ನೆಲ ನೋಡುತ್ತ.

ಬೆಳಗಿನಿಂದ ಅಂಗಡಿಗೆ ಬಂದದ್ದೆಲ್ಲ ಬರೀ ಗುಂಡಿ, ಜಿಪ್ಪು. ಹರಿದ ಬಟ್ಟೆ ಒಂದೂ ಇಲ್ಲ. ಅತ್ತಿಗೆಯ ಬೆರಳು, ಸೂಜಿ, ನೂಲು ನೇಯ್ದಂತೆ ಮುಚ್ಚಿಹೋಗುವ ತೂತು, ಇಷ್ಟನ್ನು ಒಂದು ನಿಮಿಷದಲ್ಲಿ ತೋರಿಸುವ ವಿಡಿಯೊ ದಿನಕ್ಕೊಂದು ಹಾಕುತ್ತೇವೆಂದು ನಾದಿನಿ ಚಾನೆಲಿನ ಹಣೆಯ ಮೇಲೆಯೇ ಬರೆದುಕೊಂಡಿದ್ದಳು. ತಪ್ಪಿಲ್ಲದೆ ನಡೆದಿತ್ತು. ಗೋಡೆಯ ಕ್ಯಾಲೆಂಡರಿನಲ್ಲಿ ತೊಂಬತ್ತೊಂದು ಕೆಂಪು ಗೀಟುಗಳಿದ್ದವು.

"ಒಂದು ದಿನ ತಪ್ಪಿದ್ರೂ ಜನ ಮರೆತುಬಿಡ್ತಾರೆ ಅತ್ತಿಗೆ. ಈಗ ಬರೋ ಗಿರಾಕಿಗಳಲ್ಲಿ ಅರ್ಧ ವಿಡಿಯೊ ನೋಡಿ ಬಂದವರೇ. ಅದು ನಿಂತ್ರೆ ಅಂಗಡಿ ಮತ್ತೆ ನೊಣ ಹೊಡಿಯುತ್ತೆ."

"ಸರಿ. ನಾಳೆ ಏನು ಕತ್ತರಿಸ್ತೀಯ? ಕಿಟಕಿ ಪರದೆನಾ? ನಾಡಿದ್ದು ನಾನು ತೊಟ್ಟಿರೋದನ್ನೇನಾ?"

ಬೈಯುತ್ತಾಳೆಂದು ನಾದಿನಿ ಕಾದಳು. ಅತ್ತಿಗೆ ಬೈಯಲಿಲ್ಲ. ತನ್ನ ಊದಿಕೊಂಡ ಹೆಬ್ಬೆರಳನ್ನು ತಿಕ್ಕಿಕೊಂಡು, ಸ್ಟ್ಯಾಂಡಿನಿಂದ ಫೋನು ಕಳಚಿ ಮೇಜಿನ ಡ್ರಾಯರಿಗೆ ಹಾಕಿದಳು. ದಾರ ಪೋಣಿಸಿದ ಸೂಜಿಯನ್ನು ನಾದಿನಿಯ ಕೈಗಿತ್ತಳು.

"ನೀನೇ ಮುಚ್ಚು."

"ನಾನು ವಿಡಿಯೊ ತೆಗೆಯೋಳು, ಹೊಲಿಯೋಳಲ್ಲ."

"ಕತ್ತರಿಸೋಕೆ ಬಂತಲ್ಲ."

ನಾದಿನಿ ಉಸಿರು ಬಿಗಿಹಿಡಿದು ಸಾಲಿನ ಮೇಲೆ ಸಾಲು ಹಾಕಿದಳು. ಹತ್ತನೆಯ ಸಾಲಿಗೆ ಕೋಟು ಮುಖ ಸಿಂಡರಿಸಿಕೊಂಡಿತು.

"ನೂಲು ಬಿಗಿಯಾಯ್ತು ಕಣೇ," ಎಂದಳು ಅತ್ತಿಗೆ. "ಸಾಲು ತಿರುಗುವಲ್ಲೆಲ್ಲ ಸಾಸಿವೆಯಷ್ಟು ಸಡಿಲ ಬಿಡಬೇಕು. ಇಲ್ದಿದ್ರೆ ಒಂದೇ ಒಗೆತಕ್ಕೆ ನೂಲು ಕುಗ್ಗಿ, ಪಕ್ಕದಲ್ಲಿ ಚೆನ್ನಾಗಿರೋ ಬಟ್ಟೇನ ಹರಿದುಹಾಕುತ್ತೆ."

ನಾದಿನಿ ಸುಕ್ಕನ್ನು ನೋಡಿದಳು, ಅತ್ತಿಗೆಯ ಹೆಬ್ಬೆರಳನ್ನು ನೋಡಿದಳು. ತೊಂಬತ್ತೊಂದು ದಿನವೂ ಆ ಬೆರಳಿನ ವಿಡಿಯೊ ಹತ್ತಿರದಿಂದ ತೆಗೆದವಳು ಅವಳೇ.

"ನಿಮ್ಮ ಕೈಗೆ ವಾರಕ್ಕೆ ಎಷ್ಟು ವಿಡಿಯೊ ಆಗುತ್ತೆ ಅತ್ತಿಗೆ?"

"ಎರಡು. ನಾಲ್ಕು ಹರಿದದ್ದು ಒಟ್ಟಿಗೆ ಬಂದ ದಿನ ನಾಲ್ಕರ ವಿಡಿಯೊನೂ ತೆಗೆದಿಡು, ಹರಿದದ್ದು ಬರದ ವಾರಕ್ಕಾಗುತ್ತೆ. ಊರಿನವರ ಬಟ್ಟೆ ನಮ್ಮ ಕ್ಯಾಲೆಂಡರ್ ನೋಡ್ಕೊಂಡು ಹರಿಯುತ್ತಾ?"

ಡ್ರಾಯರಿನಿಂದ ಫೋನು ತೆಗೆದು ನಾದಿನಿ ಬರೆದಳು: "ಇನ್ನು ಮುಂದೆ ಮಂಗಳವಾರ, ಶುಕ್ರವಾರ ಮಾತ್ರ. ಉಳಿದ ದಿನ ಕೈಗೆ ಬಿಡುವು." ಕಣ್ಣು ಮುಚ್ಚಿ ಗುಂಡಿ ಒತ್ತಿದಳು. ಅಂದು ಕೆಂಪು ಗೀಟು ಬೀಳಲಿಲ್ಲ.

ಮರುದಿನ ಬೆಳಿಗ್ಗೆ ಫೋನನ್ನು ಓರೆಗಣ್ಣಲ್ಲೇ ತೆರೆದಳು. ಇನ್ನೂರು ಮಂದಿ ಚಾನೆಲ್ ಬಿಟ್ಟುಹೋಗಿದ್ದರು. ಉಳಿದ ಸಾವಿರಾರು ಮಂದಿ ಅಲ್ಲೇ ಇದ್ದರು. ಅವರಲ್ಲೊಬ್ಬ ಪುಟ್ಟ ಸ್ವೆಟರಿನ ಚಿತ್ರ ಹಾಕಿದ್ದ. ಎದೆಯ ಮೇಲೆ ಸೊಟ್ಟಗಿನ ರಫೂ. ಕೆಳಗೆ ಬರೆದಿದ್ದ: "ನಿನ್ನೆ ನಿಮ್ಮ ವಿಡಿಯೊ ಬರಲಿಲ್ಲ. ನೋಡಲು ಏನೂ ಇರಲಿಲ್ಲವಲ್ಲ, ತಿಂಗಳಿಂದ ಮೂಲೆಯಲ್ಲಿದ್ದ ಮಗಳ ಸ್ವೆಟರನ್ನು ಎತ್ತಿಕೊಂಡು ಕೂತೆ."

ಅತ್ತಿಗೆ ಕನ್ನಡಕ ಏರಿಸಿ, ಚಿತ್ರ ಹಿಗ್ಗಿಸಿ ನೋಡಿದಳು.

"ಇವನೂ ನಿನ್ನ ಹಾಗೇ ಬಿಗಿ ಎಳೆದಿದ್ದಾನೆ. ಆ ಕೋಟಿನ ಸುಕ್ಕು ಬಿಚ್ಚಬೇಡ, ಬಿಗಿ ಎಳೆದ್ರೆ ಏನಾಗುತ್ತೆ ಅಂತ ಶುಕ್ರವಾರ ವಿಡಿಯೊದಲ್ಲಿ ತೋರಿಸೋಕೆ ಬೇಕು."

"ಅಲ್ಲೀವರೆಗೆ ಅಣ್ಣನಿಗೆ ಏನು ಹೇಳೋದು?"

"ಏನೂ ಹೇಳ್ಬೇಡ. ಎಲ್ಲರ ಜೊತೆ ಅವರೂ ಶುಕ್ರವಾರವೇ ನೋಡ್ಲಿ."